ಎರಡು ಬೆರಳಿನ ಬಾಗು

“ಅವ್ವಾ, ನೆಟ್ಟಗ ಮಾಡಿಟ್ಟ ತೊಲಿನ್ನ ಗುದ್ಲಮುತ್ಯಾ ಮತ್ತ ಯಾಕ ಡೊಂಕ ಮಾಡಾಕತ್ತಾನ?”

ಐದು ವರ್ಷದ ಅಡಿವೆವ್ವ ಹೀಗೆ ಕೇಳಿದಾಗ ಮಾದೇವಿ ಎಂಟು ತಿಂಗಳ ಕೂಸನ್ನು ಕಾಲ ಮೇಲೆ ಹಾಕಿಕೊಂಡು ನೀರೆರೆಯುತ್ತಿದ್ದಳು. ಕೂಸಿನ ಕಿವಿಗೆ ನೀರು ಹೋಗದಂತೆ ಅಂಗೈ ಅಡ್ಡ ಹಿಡಿದವಳು ಹಾಗೆಯೇ ತಲೆಯೆತ್ತಿ ಕಣದ ಕಡೆ ನೋಡಿದಳು. ಹುಡುಗಿ ಕೇಳಿದ್ದರಲ್ಲಿ ತಪ್ಪೇನೂ ಇರಲಿಲ್ಲ. ಮೂರು ದಿನದ ಹಿಂದೆ ಗುದ್ಲೆಪ್ಪ ಇದೇ ಕಣದಲ್ಲಿ, ಇದೇ ಜಾಕಿ ಹಚ್ಚಿ, ಇದೇ ಕಬ್ಬಿಣದ ತೊಲೆಯನ್ನು ಬಿಗಿದ ದಾರದಂತೆ ನೆಟ್ಟಗೆ ಮಾಡಿ, ಸಂಜೆ ಎಲ್ಲರನ್ನೂ ಕರೆದು ತೋರಿಸಿದ್ದ. ಈಗ ಅದನ್ನೇ ಮಗ್ಗುಲು ಹೊರಳಿಸಿ, ಮೊದಲಿದ್ದ ಹಾಗೆ ಬಾಗಿಸುತ್ತಿದ್ದ.

“ಅವರನ್ನ ಕೇಳಹೋಗು,” ಅಂದಳು ಮಾದೇವಿ.

“ಕೇಳೇನಿ. ನನಗೂ ತಿಳಿವಲ್ದು, ನಿಮ್ಮವ್ವ ಸಾಲಿ ಕಲ್ತಾಕಿ, ಆಕಿನ್ನ ಕೇಳು ಅಂದ.”

ಮಾದೇವಿ ಏಳನೆಯ ತರಗತಿಯ ಮುಲ್ಕಿ ಪರೀಕ್ಷೆ ಪಾಸಾದವಳು. ಮನೆಗೆಲಸವೆಲ್ಲ ತೀರಿದ ಮೇಲೆ ಹಳೆಯ ನೋಟಬುಕ್ಕಿನಲ್ಲಿ ದಿನಕ್ಕೆ ನಾಲ್ಕು ಸಾಲು ಬರೆದಿಡುವ ರೂಢಿ ಅವಳದು. ಎಮ್ಮೆ ಈದದ್ದು, ಕೂಸಿಗೆ ಹಲ್ಲು ಬಂದದ್ದು, ಯಾರು ಬಂದರು, ಯಾರು ಹೋದರು, ಅಷ್ಟೇ. ಆದರೆ ಈ ತೊಲೆ ಯಾಕೆ ಮತ್ತೆ ಬಾಗಬೇಕೆಂಬುದು ಅಷ್ಟೂ ಸಾಲುಗಳನ್ನು ತಿರುವಿ ಹಾಕಿದರೂ ಅವಳಿಗೆ ಪೂರ್ತಿ ಬಗೆಹರಿದಿರಲಿಲ್ಲ. ಕೂಸಿನ ಮೈ ಒರೆಸುತ್ತ, ಮೊದಲಿನಿಂದ ಏನೇನಾಯಿತು ಅಂತ ಮನಸ್ಸಿನಲ್ಲೇ ಜೋಡಿಸಿಕೊಂಡಳು.

ಅದು ಸಾವಿರದ ಒಂಬೈನೂರ ಐವತ್ತೊಂಬತ್ತು. ಹಾನಗಲ್ಲಿನಿಂದ ತಿಳವಳ್ಳಿಗೆ ಹೋಗುವ ದಾರಿಗೆ ಅಡ್ಡವಾಗಿ ಇವರ ಹೊಲದ ಪಕ್ಕದಲ್ಲೇ ಒಂದು ಹಳ್ಳ ಹರಿಯುತ್ತಿತ್ತು. ಬೇಸಿಗೆಯಲ್ಲಿ ಮೊಣಕಾಲು ನೀರು. ಮಳೆ ಹಿಡಿಯಿತೆಂದರೆ ಎತ್ತು ಇಳಿಯುತ್ತಿರಲಿಲ್ಲ. ಹಿಂದಿನ ಶ್ರಾವಣದಲ್ಲಿ ಮಾದೇವಿಗೆ ಹೆರಿಗೆಯ ಬ್ಯಾನಿ ಸುರುವಾದಾಗ ಸೂಲಗಿತ್ತಿ ಮುದಕವ್ವ ಆಚೆ ದಂಡೆಗೆ ಬಂದು ನಿಂತಿದ್ದಳು. ದಾಟುವಂತಿರಲಿಲ್ಲ. ಅಲ್ಲಿಂದಲೇ ನೀರಿನ ಸಪ್ಪಳ ಮೀರಿ ಕೂಗಿ ಕೂಗಿ ಹೇಳಿದ್ದನ್ನು ಮಾದೇವಿಯ ಗಂಡ ಮೈಲಾರಪ್ಪ ಈಚೆ ದಂಡೆಯಲ್ಲಿ ಕೇಳಿಸಿಕೊಂಡು, ಓಡಿ ಬಂದು ಬಾಗಿಲ ಹೊರಗಿನಿಂದ ತನ್ನ ತಾಯಿ ಗುತ್ತೆವ್ವನಿಗೆ ಮುಟ್ಟಿಸಿದ್ದ. ಕೂಸು ಹಾಗೆ ಹುಟ್ಟಿತು. ಆಮೇಲೆ ಅದನ್ನು ಹೇಳಿ ನಗುವವರೆಲ್ಲ ನಕ್ಕರು. ಮಾದೇವಿ ಮಾತ್ರ ನಗಲಿಲ್ಲ.

ಸುಗ್ಗಿ ಮುಗಿಯುವ ಹೊತ್ತಿಗೆ ಹಳ್ಳಕ್ಕೆ ಸೇತುವೆ ಮಂಜೂರಾಯಿತು. ಎರಡೂ ದಂಡೆಗೆ ಕಲ್ಲಿನ ಗೋಡೆಗಳೆದ್ದವು. ಅವುಗಳ ಮೇಲೆ ಹಾಸಲು ನಾಲ್ಕು ಹೊಸ ಕಬ್ಬಿಣದ ತೊಲೆಗಳು ಮುಂಬಯಿಯಿಂದ ರೈಲಿನಲ್ಲಿ ಹಾವೇರಿಗೆ ಬಂದು, ಅಲ್ಲಿಂದ ಸವಣೂರಿನ ಕರೀಮಸಾಬನ ಲಾರಿ ಏರಿದವು. ಒಂದೊಂದೂ ಹದಿನಾರು ಮೊಳ ಉದ್ದ. ಕರೀಮಸಾಬ ಹಳ್ಳದ ತನಕ ಹುಷಾರಾಗಿಯೇ ತಂದ. ಇವರ ಕಣದ ಪಕ್ಕದ ತಿರುವಿನಲ್ಲಿ ಲಾರಿ ಮಗ್ಗುಲಾಯಿತು. ಯಾರಿಗೂ ಏನೂ ಆಗಲಿಲ್ಲ. ತೊಲೆಗಳು ಉರುಳಿ ಕಣದೊಳಗೆ ಬಿದ್ದವು. ಎಲ್ಲಕ್ಕಿಂತ ಮೇಲಿದ್ದ ತೊಲೆ ಬದುವಿನ ಬಂಡೆಗೆ ಬಡಿದು, ನಡು ಮಗ್ಗುಲಿಗೆ ಬಾಗಿತು.

ಅದನ್ನು ನೆಟ್ಟಗೆ ಮಾಡಲೆಂದು ಬಂದವನೇ ಗುದ್ಲೆಪ್ಪ.

ಶಿಗ್ಗಾವಿಯಿಂದ ಬಸ್ಸಿನಲ್ಲಿ ಬಂದ. ಅರವತ್ತರ ಹತ್ತಿರದ ಆಳು. ಗೋಣಿಚೀಲದಲ್ಲಿ ಸುತ್ತಿದ ಜಾಕಿಯನ್ನು ಕೂಸಿನ ಹಾಗೆ ಎರಡೂ ಕೈಯಲ್ಲಿ ಎತ್ತಿಕೊಂಡು ಇಳಿದ. ಹುಟ್ಟಿದ್ದು ಹಿರೇಕೆರೂರಿನ ಕಡೆಯ ಒಂದು ಸಣ್ಣ ಹಳ್ಳಿಯಲ್ಲಿ. ಇದ್ದ ಹೊಲ ಇಬ್ಬರು ಅಣ್ಣಂದಿರಿಗೇ ಸಾಲದು. ಹದಿನಾರನೆಯ ವಯಸ್ಸಿಗೆ ಮನೆ ಬಿಟ್ಟು ಕಬ್ಬಿಣದ ಗ್ಯಾಂಗು ಸೇರಿದ. ಕಿತ್ತ ಹಳಿ, ಬಿದ್ದ ಗೋದಾಮಿನ ತೊಲೆ, ಮುರಿದ ಸೇತುವೆಯ ಪಟ್ಟಿ, ಹೀಗೆ ಡೊಂಕಾಗಿ ಬಂದದ್ದನ್ನೆಲ್ಲ ನೆಟ್ಟಗೆ ಮಾಡಿ ಕಳಿಸುವುದು ಆ ಗ್ಯಾಂಗಿನ ಕೆಲಸ. ಕಳಿಸಿದ್ದು ಎಲ್ಲಿಗೆ ಹೋಯಿತು, ಯಾವುದಕ್ಕೆ ಬಳಕೆಯಾಯಿತು ಎಂಬುದನ್ನು ಅವನು ನೋಡಿದವನಲ್ಲ. ಹೆಂಡತಿ ತೀರಿಕೊಂಡ ಮೇಲೆ ಶಿಗ್ಗಾವಿಯಲ್ಲಿದ್ದ ಮಗಳು ಶಾರವ್ವನ ಮನೆ ಸೇರಿದ್ದ. ನಲವತ್ತು ವರ್ಷ ಅವನ ಕೈಗೆ ಬಂದ ಕಬ್ಬಿಣವೆಲ್ಲ ಹಳೆಯದು, ಪೆಟ್ಟು ತಿಂದದ್ದು. ಹೊಸ ತೊಲೆಯನ್ನು ಅವನು ಮುಟ್ಟಿದ್ದು ಇದೇ ಮೊದಲು. ಅದು ಆಗ ಯಾರಿಗೂ ಹೊಳೆಯಲಿಲ್ಲ, ಅವನಿಗೂ.

ಬಂದ ದಿನವೇ ಮಾದೇವಿಯ ಒಲೆಯ ಮುಂದಿನ ಚಿಮಟಿಗೆ ಸೊಟ್ಟಗಿರುವುದನ್ನು ಕಂಡು, ಇಸಿದುಕೊಂಡು, ಅಂಗೈಯಲ್ಲೇ ಒತ್ತಿ ನೆಟ್ಟಗೆ ಮಾಡಿ ಕೊಟ್ಟ. ಬಾಗಿಲ ಚಿಲಕ ನೆಟ್ಟಗಾಯಿತು. ಬಾವಿಯ ಗಾಲಿಯ ಸರಳು ನೆಟ್ಟಗಾಯಿತು. ಗುತ್ತೆವ್ವ ಸೊಂಟ ಹಿಡಿದುಕೊಂಡು ಬಂದು ಎದುರಿಗೆ ನಿಂತಳು.

“ಮನಿಯಾಗಿನ ಡೊಂಕೆಲ್ಲಾ ತಿದ್ದಿ. ನನ್ನ ಬೆನ್ನೊಂದ ಉಳೀತು ನೋಡೋ ಗುದ್ಲೆಪ್ಪಾ.”

“ಮಾಡೂನು ಬಿಡಬೇ. ಆದ್ರ ನೆಟ್ಟಗ ಆಗಬೇಕಂದ್ರ ಮೊದಲ ಹಿಂದಕ್ಕ ಬಗ್ಗಸಬೇಕಾಕ್ಕೈತಿ. ತಡೀತಿಯೇನು?”

“ಹಿಂದಕ್ಕ್ಯಾಕೋ?”

“ಕಬ್ಬಿಣಾ ಹಟಮಾರಿ ಇರತೈತಿ. ನೆಟ್ಟಗ ಆಗೂತನಾ ಅಷ್ಟ ಒತ್ತಿ ಕೈಬಿಟ್ರ, ಅರ್ಧಾ ಹೊಳ್ಳಿ ಹಳೇ ಜಾಗಾಕ್ಕ ಹೊಕ್ಕೈತಿ. ನೆಟ್ಟಗ ಆದ ಮ್ಯಾಲೂ ಒಂದೀಟ ಮುಂದ ಒಯ್ದು ಬಿಡಬೇಕು. ಆಗ ಹೊಳ್ಳಿ ಬಂದು ನೆಟ್ಟಗ ನಿಂದರತೈತಿ.”

“ನಮ್ಮ ಮೈಲಾರಿನೂ ಹಂಗ,” ಅಂದಳು ಗುತ್ತೆವ್ವ ಮಗನ ಕಡೆ ಕಣ್ಣು ಹೊರಳಿಸಿ. “ಎಷ್ಟು ತಿದ್ದಿದ್ರೂ ಅರ್ಧಾ ಹೊಳ್ಳತಾನ.”

ಊರಿನವರು, ಬೆಂಕಿಯಲ್ಲಿ ಕಾಯಿಸಿ ಬಡಿದರೆ ಒಂದು ದಿನದ ಕೆಲಸ ಅಂದರು. ಗುದ್ಲೆಪ್ಪ ಒಪ್ಪಲಿಲ್ಲ. ಕಾದ ಕಬ್ಬಿಣ ಎಲ್ಲಿ ಎಷ್ಟು ಬಾಗುತ್ತದೆಯೋ ಅದರ ಮರ್ಜಿ. ಬೆಂಕಿ ತೋರಿಸದೆ ಒತ್ತಿದರೆ ಅದು ತನ್ನ ಕೂಡ ಮಾತಾಡಿಕೊಂಡು ಬಾಗುತ್ತದೆ ಅಂದ. ಅಳೆಯುವುದು ಮಾತ್ರ ಬೆಳಿಗ್ಗೆ, ಬಿಸಿಲು ಬೀಳುವ ಮೊದಲು. ಬಿಸಿಲು ಬಿದ್ದ ಬದಿ ಕಾದು ಹಿಗ್ಗಿದರೆ, ನೆಟ್ಟಗಿದ್ದದ್ದೂ ಡೊಂಕಾಗಿ ಕಾಣುತ್ತದೆ. ಒತ್ತುವುದು ಮಧ್ಯಾಹ್ನ, ತೊಲೆ ಮುಟ್ಟಿದರೆ ಬೆಚ್ಚಗೆನ್ನಿಸುವಾಗ.

ಜಾಕಿಗೆ ಬೆನ್ನು ಬೇಕಿತ್ತು. ತೊಲೆಯ ಎರಡು ತುದಿಗೆ ಆನಿಕೆಯಾಗಿ ಕಣದ ಅಂಚಿನಲ್ಲಿ ಹುಣಸೆಯ ದಿಮ್ಮಿಗಳನ್ನು ಹೂಳಬಹುದಿತ್ತು. ನಡುವೆ ಒತ್ತುವ ಜಾಕಿ ಹಿಂದಕ್ಕೆ ಸರಿಯದಂತೆ ಹಿಡಿಯಲು ಮೂರನೆಯ ದಿಮ್ಮಿ ಬೇಕು. ಅದಕ್ಕೆ ಸರಿಯಾದ ಆಳದ ಕುಣಿ ಇದ್ದದ್ದು ಕಣದ ನಡುವೆ, ಮೇಟಿಯದು. ತೆನೆ ತುಳಿಸುವಾಗ ಎತ್ತು ಕಟ್ಟುವ ಕಂಬ ಅದು. ಪ್ರತಿ ವರ್ಷ ಪೂಜೆ ಮಾಡಿಯೇ ನಿಲ್ಲಿಸುವುದು.

“ಮೇಟಿ ಕುಣಿಯಾಗ ನಿನ್ನ ದಿಮ್ಮಿ ಇಡತೀನಿ ಅಂತಿ. ಇಡು,” ಅಂದಳು ಗುತ್ತೆವ್ವ. “ಆದ್ರ ಬರೇ ಮೈಯಾಗ ಇರೂ ಕಬ್ಬಿಣಾ ನಮ್ಮ ಮೇಟಿಗೆ ತಾಗಬಾರ್ದು. ಎಲ್ಲಾಕ್ಕೂ ಸುಣ್ಣಾ-ಕೆಮ್ಮಣ್ಣಿನ ಪಟ್ಟಿ ಬಳದು, ಅರಿಷಿಣಾ ಹಚ್ಚಿ, ಆಮ್ಯಾಲ ಸುರು ಮಾಡು.”

ಬಳಿಯುವ ಕೆಲಸ ಸೊಸೆಯ ಪಾಲಿಗೆ ಬಂತು. ಹರಡಿ ಬಿದ್ದಿದ್ದ ಮೂರು ತೊಲೆಗಳಿಗೆ ಒಂದೆರಡು ಪಟ್ಟಿ ಎಳೆದು ಬಿಟ್ಟಳು. ಬಾಗಿದ್ದ ತೊಲೆಗೆ ಮಾತ್ರ, ಅದೇ ಮೇಟಿಗೆ ತಾಗುವುದರಿಂದ, ತುದಿಯಿಂದ ತುದಿಗೆ ಬಳಿಯಬೇಕಾಯಿತು. ಬಳಿಯುತ್ತ ಹೋದಾಗ ತೊಲೆಯ ಬದಿಗೆ ಹಳದಿ ಬಣ್ಣದಲ್ಲಿ ಮೂರು ಇಂಗ್ಲಿಷ್ ಅಕ್ಷರ, ಅವುಗಳ ಮಗ್ಗುಲಿಗೆ ಒಂದು ಬಾಣದ ಗುರುತು ಕಂಡವು. ಉಳಿದ ಮೂರು ತೊಲೆಗಳ ಆ ಬದಿ ನೆಲಕ್ಕಿತ್ತು.

“ಅತ್ತಿ, ಇಲ್ಲಿ ಏನೋ ಬರದಾರ್ರೀ.”

“ಬರದೋರು ಮುಂಬೈದಾಗ ಅದಾರ. ಕಣಾ ನಮ್ಮದೈತಿ. ಬಳಿ.”

ಮಾದೇವಿ ಬಳಿದಳು. ಬಳಿಯುವ ಮೊದಲು ಒಳಗೆ ಹೋಗಿ ನೋಟಬುಕ್ಕು ತಂದು, ಆ ಮೂರು ಅಕ್ಷರಗಳನ್ನು ರಂಗೋಲಿಯ ಎಳೆ ನೋಡಿ ಇಳಿಸುವ ಹಾಗೆ ಇಳಿಸಿಕೊಂಡಳು. ಬಾಣ ಬದುವಿನ ಕಡೆಗೆ ಮುಖ ಮಾಡಿದೆಯೆಂದೂ ಕೆಳಗೆ ಬರೆದಳು. ಯಾಕೆ ಬರೆದಳೆಂದು ಕೇಳಿದರೆ ಅವಳಿಗೆ ಹೇಳಲು ಬರುತ್ತಿರಲಿಲ್ಲ. ಯಾರೋ ಬರೆದದ್ದನ್ನು ಅಳಿಸುವಾಗ ಸುಮ್ಮನಿರಲು ಕೈ ಬರಲಿಲ್ಲ, ಅಷ್ಟೇ.

ನಾಲ್ಕು ದಿನದಲ್ಲಿ ಮಗ್ಗುಲ ಬಾಗು ಹೋಯಿತು. ಐದನೆಯ ಬೆಳಿಗ್ಗೆ ಗುದ್ಲೆಪ್ಪ ತೊಲೆಯ ಮೈಗುಂಟ ತುದಿಯಿಂದ ತುದಿಗೆ ದಾರ ಬಿಗಿದು ನೋಡಿದಾಗ ಇನ್ನೊಂದು ಬಾಗು ಕಂಡಿತು. ಇದು ಮಗ್ಗುಲಿಗಲ್ಲ. ತೊಲೆ ನಿಲ್ಲಿಸಿದರೆ ಮೇಲು-ಕೆಳಗಾಗುವ ದಿಕ್ಕಿಗೆ, ನಡುವೆ ಸರಿಯಾಗಿ ಎರಡು ಬೆರಳು. “ಪೆಟ್ಟು ಎರಡೂ ಕಡೆ ಬಿದ್ದೈತಿ,” ಅಂದ. ತೊಲೆ ಹೊರಳಿಸಿ ಮತ್ತೆ ಜಾಕಿ ಹಚ್ಚಿದ. ಆ ದಿಕ್ಕಿಗೆ ತೊಲೆ ಬಹಳ ಗಟ್ಟಿ. ಜಾಕಿಯ ಹಿಡಿಕೆ ತಿರುವಲು ಕರೀಮಸಾಬನೂ ಮೈಲಾರಪ್ಪನೂ ಸೇರಬೇಕಾಯಿತು. ಮೇಟಿ ಕುಣಿಯ ದಿಮ್ಮಿಯ ಹಿಂದೆ ಬಂಡೆ ತುಂಬಬೇಕಾಯಿತು. ಐದು ದಿನ ಹಿಡಿಯಿತು. ಕೊನೆಗೆ ದಾರ ತೊಲೆಗೆ ಎಲ್ಲೆಲ್ಲೂ ಅಂಟಿ ಕುಳಿತಾಗ, ಗುದ್ಲೆಪ್ಪ ಬೋರಲಾಗಿ ಮಲಗಿ, ಕೆನ್ನೆಯನ್ನು ಕಬ್ಬಿಣಕ್ಕೆ ಒತ್ತಿ, ಒಂದು ಕಣ್ಣು ಮುಚ್ಚಿ, ಬಹಳ ಹೊತ್ತು ನೋಡಿದ. ಅಡಿವೆವ್ವನೂ ಪಕ್ಕದಲ್ಲಿ ಮಲಗಿ ಕೆನ್ನೆ ಒತ್ತಿದಳು. ಕರೀಮಸಾಬ ಸವಣೂರಿನ ಕುರುಕಲು ಖಾರದ ಪೊಟ್ಟಣ ಬಿಚ್ಚಿ ಎಲ್ಲರಿಗೂ ಕೊಟ್ಟ.

ಮರುದಿನ ಬೆಳಿಗ್ಗೆ, ಉಳಿದವುಗಳಿಗೇನಾದರೂ ಪೆಟ್ಟಾಗಿದೆಯೇನೋ ನೋಡಿಬಿಡೋಣವೆಂದು, ಗುದ್ಲೆಪ್ಪ ಎರಡನೆಯ ತೊಲೆಗೆ ದಾರ ಬಿಗಿದ. ನಡುವೆ ಎರಡು ಬೆರಳು. ಮೂರನೆಯದಕ್ಕೆ ಬಿಗಿದ. ಎರಡು ಬೆರಳು. ನಾಲ್ಕನೆಯದಕ್ಕೂ ಅಷ್ಟೇ.

ಅವತ್ತು ಅವನು ರೊಟ್ಟಿ ಮುಟ್ಟಲಿಲ್ಲ. ಮಾದೇವಿ ತಾಟು ಹಿಡಿದು ಹೋದಾಗ ದಾರವನ್ನು ಬೆರಳಿಗೆ ಸುತ್ತುತ್ತ, ಬಿಚ್ಚುತ್ತ ಕುಳಿತಿದ್ದ.

“ತಂಗಿ, ಒಂದ ಮಾತ ಕೇಳ್ತೇನಿ. ನಾಕ ಮಂದಿ ಒಂದ ಗಾಡ್ಯಾಗಿಂದ ಬಿದ್ರ, ನಾಕೂ ಮಂದಿಗೆ ಒಂದ ಜಾಗಾದಾಗ ಒಂದ ಅಳತಿ ಗಾಯಾ ಆಕ್ಕೈತೇನು?”

“ಹೆಂಗಾಕ್ಕೈತ್ರಿ ಕಾಕಾ?”

“ಆಗೂದಿಲ್ಲ. ಹಂಗಾದ್ರ ಇದು ಬಿದ್ದ ಡೊಂಕಲ್ಲ. ಇದನ್ನ ಯಾರೋ ಬೇಕಂತ ಮಾಡ್ಯಾರ.” ಅವನ ದನಿ ಇಳಿಯಿತು. “ಬೇಕಂತ ಯಾರರೆ ಕಬ್ಬಿಣಾ ಡೊಂಕ ಮಾಡ್ತಾರೇನ ತಂಗಿ? ನಲವತ್ತು ವರ್ಷದಾಗ ನನಗ ಯಾರೂ ಹಂಗ ಹೇಳಿಲ್ಲ. ಇದರ ಮ್ಯಾಲ ಏನರೆ ಬರದಿತ್ತೇನು?”

ಮಾದೇವಿ ತಾಟು ಕೆಳಗಿಟ್ಟಳು. ಒಳಗೆ ಹೋಗಿ ನೋಟಬುಕ್ಕು ತಂದು ಆ ಹಾಳೆ ತೆಗೆದು ತೋರಿಸಿದಳು. ಓದಲು ಇಬ್ಬರಿಗೂ ಬರಲಿಲ್ಲ. ಇಬ್ಬರೂ ಆ ಮೂರು ಅಕ್ಷರಗಳನ್ನು ನೋಡುತ್ತ ಕುಳಿತರು.

ಮಧ್ಯಾಹ್ನ ಸೇತುವೆ ಕೆಲಸದ ಓವರಸೀಯರ ಪರಮೇಶ್ವರಪ್ಪ ಸೈಕಲ್ಲಿನ ಮೇಲೆ ಬಂದ. ಹಾಳೆ ನೋಡಿದ, ತೊಲೆ ನೋಡಿದ, ಟೊಪ್ಪಿಗೆ ತೆಗೆದು ತಲೆ ಒರೆಸಿಕೊಂಡ.

“ಇದು ಮ್ಯಾಲಿನ ಬಾಜೂ ಅಂತ ಬರದೈತ್ರಿ. ಬಾಣದ ಕಡೆ ಉಬ್ಬು ಇರಬೇಕು. ಮ್ಯಾಲ ಕಾಂಕ್ರೀಟಿನ ಹಾಸು ಬೀಳತೈತಿ, ಗಾಡಿ ಹಾಯತಾವು, ಆ ಭಾರಕ್ಕ ತೊಲಿ ತಗ್ಗತೈತಿ. ತಗ್ಗಿದ ಮ್ಯಾಲ ನೆಟ್ಟಗ ಆಗಲಿ ಅಂತ ಮೊದಲ ಎರಡು ಬೆರಳು ಉಬ್ಬಿಸಿ ಕಳಸಿರತಾರ. ನಕಾಶೆದಾಗೂ ಐತಿ.”

“ನಕಾಶೆ ನನಗ ಯಾರು ತೋರಿಸ್ಯಾರ್ರಿ ಸಾಹೇಬ್ರ?”

“ಮಗ್ಗಲ ಬಾಗು ತಿದ್ದು ಅಂತ ಕರಸಿದ್ವಿ. ಉಬ್ಬಿನ ಗೊಡವಿ ನಿನಗ ಯಾರು ಹೇಳಿದ್ರು? ಮತ್ತ ಈ ಗುರುತಿನ ಮ್ಯಾಲ ಸುಣ್ಣಾ ಬಳದೋರ್ಯಾರು?”

“ನಾನ,” ಅಂದಳು ಗುತ್ತೆವ್ವ, ಮೊರ ಕೆಳಗಿಟ್ಟು. “ಯಾಕ, ಜೇಲಿಗೆ ಹಾಕ್ತಿಯೇನು? ನಿನ್ನ ತೊಲಿ ಹೇಳದ ಕೇಳದ ನನ್ನ ಕಣದಾಗ ಬಂದು ಬಿದ್ದಾವು. ನಾ ಏನ ಅವಕ್ಕ ಬಾ ಅಂದಿದ್ನೇನು?”

“ಬಳದಾಕಿ ನಾನ್ರಿ,” ಅಂದಳು ಮಾದೇವಿ.

“ಬೀಳಿಸಿದಾಂವ ನಾನ,” ಅಂದ ಕರೀಮಸಾಬ ಮೂಲೆಯಿಂದ. “ಎಲ್ಲಾರೂ ಒಪ್ಪಿಕೊಳ್ಳಾಕತ್ತಾರ, ನಂದೂ ಒಂದಿರಲಿ.”

ಪರಮೇಶ್ವರಪ್ಪನಿಗೆ ಯಾರನ್ನು ಬಯ್ಯಬೇಕೆಂದು ತಿಳಿಯಲಿಲ್ಲ. ಗುದ್ಲೆಪ್ಪನ ಕಡೆ ತಿರುಗಿ, “ಬಗ್ಗಿಸಿದಾಂವಗ ಬಗ್ಗಸಾಕ ಬರೂದಿಲ್ಲೇನು? ಎರಡು ಬೆರಳು ಮತ್ತ ಉಬ್ಬಿಸಿ ಬಿಡು, ಮುಗೀತು,” ಅಂದ.

“ಅದು ಧೋತ್ರ ಅಲ್ರಿ ಸಾಹೇಬ್ರ, ಬಿಚ್ಚಿ ಮತ್ತ ಉಟಗೊಳ್ಳಾಕ. ತಣ್ಣನ ಕಬ್ಬಿಣಾ ಒಮ್ಮೆ ಬಗ್ಗತೈತಿ, ಎರಡು ಸಲಾ ತಾಳತೈತಿ. ಈ ತೊಲಿ ಬಿದ್ದಾಗ ಒಮ್ಮೆ ಬಗ್ಗೇತಿ, ನನ್ನ ಕೈಯಾಗ ಎರಡು ಸಲಾ. ಈಗ ನಾಕನೇದ್ದು. ಒಳಗ ಎಲ್ಲೆರೆ ಕೂದಲೆಳಿ ಅಷ್ಟು ಸೀಳಿದ್ರ ನನಗ ಹೆಂಗ ತಿಳೀಬೇಕು?”

“ಹೊಸಾ ತೊಲಿ ತರಸಬೇಕಂದ್ರ ದೀಪಾವಳಿ. ಈ ಮಳಿಗಾಲ ಹೊಕ್ಕೈತಿ. ನೋಡು, ನೀ ಆಗೂದಿಲ್ಲ ಅಂದ್ರ ಆಗೂದಿಲ್ಲ ಅಂತ ಬರದು ಕಳಸ್ತೇನಿ. ಆಕ್ಕೈತಿ ಅಂದ್ರ ಹಾಸ್ತೇನಿ. ನಿನ್ನ ಮಾತಿನ ಮ್ಯಾಲ.”

ಮಳೆಗಾಲ ಎಂಬ ಮಾತಿಗೆ ಮಾದೇವಿ ಕೂಸನ್ನು ಸೆರಗಿನೊಳಗೆ ಎಳೆದುಕೊಂಡಳು. ಗುದ್ಲೆಪ್ಪ ಅದನ್ನು ನೋಡಿದ. ಸೂಲಗಿತ್ತಿ ಆಚೆ ದಂಡೆಯಿಂದ ಕೂಗಿದ ಕತೆಯನ್ನು ಗುತ್ತೆವ್ವ ಅವನಿಗೆ ಮೂರು ಸಲ ಹೇಳಿದ್ದಳು.

“ಬಗ್ಗಸ್ತೇನ್ರಿ,” ಅಂದ.

ಮಗಳು ಕೇಳಿದ ಪ್ರಶ್ನೆಗೆ ಉತ್ತರ ಇದು. ಇಷ್ಟನ್ನೆಲ್ಲ ಐದು ವರ್ಷದ ಹುಡುಗಿಗೆ ಹೇಗೆ ಹೇಳುವುದು? ಕೂಸಿಗೆ ಕುಂಚಿಗೆ ಕಟ್ಟಿ ಮಾದೇವಿ, “ಮ್ಯಾಲ ಗಾಡಿ ಹಾಯ್ದ ಮ್ಯಾಲ ಅದು ನೆಟ್ಟಗ ಆಕ್ಕೈತಂತ,” ಅಂದಳು.

“ಹಂಗಾದ್ರ ಮೊದಲ ಯಾಕ ನೆಟ್ಟಗ ಮಾಡಿದ್ದ?”

“ಅವಗ ಗೊತ್ತಿರಲಿಲ್ಲ.”

“ನಿನಗ ಗೊತ್ತಿತ್ತೇನು?”

ಮಾದೇವಿ ನೀರಿನ ಹಂಡೆ ಎತ್ತಿಕೊಂಡು ಒಳಗೆ ಹೋದಳು. ಗೊತ್ತಿತ್ತೇ, ಇರಲಿಲ್ಲವೇ? ಅಕ್ಷರ ಕಂಡಿದ್ದಳು, ಬರೆದಿಟ್ಟಿದ್ದಳು, ಬಳಿದೂ ಬಿಟ್ಟಿದ್ದಳು.

ಈ ಸಲ ಗುದ್ಲೆಪ್ಪ ಸಾವಕಾಶ ಮಾಡಿದ. ದಿನಕ್ಕೆ ಅರ್ಧ ಬೆರಳೂ ಅಲ್ಲ. ಒಂದೇ ಕಡೆ ಒತ್ತದೆ, ತೊಲೆಯನ್ನು ಮೊಳ ಮೊಳ ಸರಿಸುತ್ತ ಒತ್ತಿದ. ಜಾಕಿ ತಿರುವುವ ಮೊದಲು ತಾನೇ ಗುತ್ತೆವ್ವನ ಮುಂದೆ ಬಂದು ನಿಂತ.

“ಸುಣ್ಣಾ ಐತೇನಬೇ?”

“ಮತ್ತ ಸುಣ್ಣಾ? ಸುಣ್ಣದ್ದ ಇಷ್ಟೆಲ್ಲಾ ರಾಮಾಯಣ ಆಗೇತಿ!”

“ಈಗ ಅದ ಬೇಕು. ತೆಳ್ಳಗ ಬಳದ್ರ, ಕಬ್ಬಿಣಾ ಎಲ್ಲಿ ಬಗ್ಗತೈತಿ ಅಲ್ಲಿ ಸುಣ್ಣಾ ಹಪ್ಪಳದಂಗ ಬಿರಿತೈತಿ. ನನಗ ದಾರಿ ಕಾಣತೈತಿ.”

ಗುತ್ತೆವ್ವ ಏನೋ ಗೆದ್ದವಳಂತೆ ಸೊಸೆಯ ಕಡೆ ನೋಡಿ, ತಾನೇ ಕಲಸಿ ಕೊಟ್ಟಳು. ಸುಣ್ಣದ ಮೈಮೇಲೆ ಗೆರೆಗಳು ಎದ್ದವು. ಗುದ್ಲೆಪ್ಪ ಅವುಗಳನ್ನು ನೋಡಿ ನೋಡಿ ಜಾಕಿ ಸರಿಸಿದ. ಆರನೆಯ ಬೆಳಿಗ್ಗೆ ದಾರ ಬಿಗಿದಾಗ ನಡುವೆ ಎರಡು ಬೆರಳು ಬಂತು. ಯಾರನ್ನೂ ಕರೆದು ತೋರಿಸಲಿಲ್ಲ.

ಇನ್ನು ಉಳಿದದ್ದು ಸೀಳು ಇದೆಯೋ ಇಲ್ಲವೋ ನೋಡುವುದು. ಅದಕ್ಕೆ ಗ್ಯಾಂಗಿನಲ್ಲಿ ಒಂದು ಪದ್ಧತಿ ಇತ್ತು. ಸುಣ್ಣವನ್ನೆಲ್ಲ ತೊಳೆದು, ಚಿಮಣಿ ಎಣ್ಣೆ ಹಚ್ಚಿ, ಒಂದು ಜಾವ ಬಿಟ್ಟು ಒಣಗುವಂತೆ ಒರೆಸಿ, ಮತ್ತೆ ಹೊಸ ಸುಣ್ಣ ಬಳಿಯುವುದು. ಸೀಳಿದ್ದರೆ ಒಳಗೆ ಸೇರಿಕೊಂಡ ಎಣ್ಣೆ ಹೊರಗೆ ಜಿನುಗಿ, ಬಿಳಿಯ ಮೇಲೆ ಕಪ್ಪು ಗೆರೆ ಮೂಡುತ್ತದೆ.

ಮರುದಿನ ಹೊತ್ತೇರಿದಾಗ ನೋಡಿದರೆ, ನಡುವಿನಿಂದ ಎರಡು ಮೊಳ ದೂರಕ್ಕೆ, ಕೆಳ ಅಂಚಿನಲ್ಲಿ, ಅಕ್ಕಿಕಾಳಿನಷ್ಟು ಉದ್ದದ ಒಂದು ಕಲೆ.

ಗುದ್ಲೆಪ್ಪ ಅದರ ಮುಂದೆ ಕುಕ್ಕರಗಾಲಲ್ಲಿ ಕುಳಿತ. ಆಗಲೇ ಮಾದೇವಿಗೆ ನೆನಪಾಯಿತು: ಅವತ್ತು ಆದಿತ್ಯವಾರ, ಬೆಳಿಗ್ಗೆ ಅಡಿವೆವ್ವನಿಗೆ ತಲೆಗೂ ಮೈಗೂ ಔಡಲ ಎಣ್ಣೆ ಸುರಿದು ಬಿಸಿಲಿಗೆ ಬಿಟ್ಟಿದ್ದಳು.

“ತೊಲಿ ಮುಟ್ಟಿದ್ದೇನ ನೀನು?”

“ಹೂಂ.”

“ಎಲ್ಲಿ ಮುಟ್ಟಿದ್ದಿ?”

ಹುಡುಗಿ ಕಲೆಯನ್ನು ತೋರಿಸಿದಳು. ಆಮೇಲೆ ಅದರ ಆಚೆ ತೋರಿಸಿದಳು. ಆಮೇಲೆ ತುದಿಯತನಕ ಓಡಿ, “ಇಲ್ಲೆಲ್ಲಾ,” ಅಂದಳು. ಬೇರೆ ಎಲ್ಲೂ ಕಲೆ ಇರಲಿಲ್ಲ. ಗುತ್ತೆವ್ವ, “ಮೈಯಾಗ ಎಣ್ಣಿ ಇದ್ದ ಹುಡಿಗಿ ಬೆರಳ ಇಟ್ರ ಇಷ್ಟ ಬೀಳತೈತಿ, ಮತ್ತೇನು,” ಅಂದಳು. ಅಡಿವೆವ್ವ ಅಜ್ಜಿಯ ಮುಖ, ಗುದ್ಲೆಪ್ಪನ ಮುಖ ನೋಡಿ, ಏನೋ ಅಪಾಯ ಕಂಡವಳಂತೆ, “ನಾ ಮುಟ್ಟೇ ಇಲ್ಲ,” ಅಂತ ಅಳತೊಡಗಿದಳು.

ಮತ್ತೆ ತೊಳೆದರು. ಮತ್ತೆ ಚಿಮಣಿ ಎಣ್ಣೆ, ಮತ್ತೆ ಸುಣ್ಣ. ಹುಡುಗಿಯನ್ನು ಮನೆಯೊಳಗೆ ಕೂಡಿಹಾಕಿದರು. ಮರುದಿನ ಕಲೆ ಇರಲಿಲ್ಲ. ಆದರೂ ಗುದ್ಲೆಪ್ಪ ಸಮಾಧಾನವಾಗದೆ ಮೂರನೆಯ ಸಲ ಮಾಡಿದ. ಈ ಸಲ ಅದೇ ಜಾಗದಲ್ಲಿ ಏನೋ ಮಸುಕು. ಕರೀಮಸಾಬ ಏನೂ ಇಲ್ಲ ಅಂದ. ಪರಮೇಶ್ವರಪ್ಪ ಬಂದು ಬಗ್ಗಿ ನೋಡಿ, ತನ್ನ ಟೊಪ್ಪಿಗೆಯ ನೆರಳು ಅಂದ. ಮೈಲಾರಪ್ಪ ಇರಬಹುದು ಅಂದ. ಗುದ್ಲೆಪ್ಪನ ಕಣ್ಣಿಗೆ ಒಮ್ಮೆ ಕಂಡಿತು, ರೆಪ್ಪೆ ಬಡಿದರೆ ಹೋಯಿತು.

“ನನ್ನ ಕಣ್ಣು ಹಳೇವು. ನೀ ನೋಡ ತಂಗಿ. ಐತೋ, ಇಲ್ಲೋ?”

ಮಾದೇವಿ ನೋಡಿದಳು. ಇದೆ ಅನ್ನಿಸಿತು. ಇದೆಯೆಂದು ನೋಡಿದ್ದಕ್ಕೆ ಇದೆ ಅನ್ನಿಸಿತೇ? ಇಲ್ಲವೆಂದರೆ ಈ ಮಳೆಗಾಲ ಹಳ್ಳ ದಾಟಬಹುದು, ಅದಕ್ಕೆ ಇಲ್ಲವೆನ್ನಲು ನಾಲಿಗೆ ತುದಿಗಾಲಲ್ಲಿ ನಿಂತಿದೆಯೇ? ಯಾರದೋ ಗಾಡಿ, ಯಾರದೋ ಬಸುರಿ ಸೊಸೆ ಅದರ ಮೇಲೆ ಹಾಯುವಾಗ ಮುರಿದರೆ? ಕೂಸು ಬಗಲಲ್ಲಿ ಕುಳಿತು ಸುಣ್ಣಕ್ಕೆ ಕೈ ಚಾಚುತ್ತಿತ್ತು. ಅದರ ಕೈ ಹಿಡಿದುಕೊಂಡಳು.

“ನನಗೂ ತಿಳಿವಲ್ದು ಕಾಕಾ,” ಅಂದಳು. ಕೂಸನ್ನು ಇನ್ನೊಂದು ಬಗಲಿಗೆ ಹಾಕಿಕೊಂಡು, “ನಮ್ಮ ಮನ್ಯಾಗ ಒಂದು ಗಡಿಗಿ ಐತ್ರಿ. ಸೀಳೇತಿ ಅಂತ ನಮ್ಮತ್ತಿ ಅಂತಾರ, ಇಲ್ಲ ಅಂತ ನಾ ಅಂತೇನಿ. ಒಡದು ಹಾಕಿಲ್ಲ. ಒಲಿ ಮ್ಯಾಲೂ ಇಡೂದಿಲ್ಲ. ಕಾಳ ತುಂಬಿ ಮೂಲ್ಯಾಗ ಇಟ್ಟೇವಿ. ಈ ತೊಲಿಗೂ ಭಾರ ಬೀಳಲಾರದ ಜಾಗಾ ಒಂದೂ ಇಲ್ಲೇನ್ರಿ?”

ಗುದ್ಲೆಪ್ಪ ಪರಮೇಶ್ವರಪ್ಪನ ಮುಖ ನೋಡಿದ. ಪರಮೇಶ್ವರಪ್ಪ ನಕಾಶೆ ಬಿಚ್ಚಿ ಕಣದ ಮೇಲೆ ಹರಡಿ, ನಾಲ್ಕು ಮೂಲೆಗೂ ಕಲ್ಲಿಟ್ಟ. ಗಾಲಿಗಳು ಹಾಯುವುದು ನಡುವಿನ ತೊಲೆಗಳ ಮೇಲೆ. ನೀರು ಹರಿದು ಹೋಗುವ ಬದಿಯ ಕಟ್ಟಕಡೆಯ ತೊಲೆಯ ಮೇಲೆ ಬರುವುದು ತಡೆಗೋಡೆ, ಅದರ ಮಗ್ಗುಲಿಗೆ ನಡೆದು ಹೋಗುವವರು. “ಅಲ್ಲಿ ಹಾಕಬಹುದು,” ಅಂದ. “ನಡುವ ಕಾಂಕ್ರೀಟು ಒಂದೀಟ ದಪ್ಪ ಮಾಡೂನು. ಈ ತೊಲಿಗೆ ಸಂಶೇ ಐತಿ ಅಂತ ಕಾಗದದಾಗ ಬರೀತೇನಿ.” ಬರೆದೂ ಬರೆದ. ಗುದ್ಲೆಪ್ಪ ಕೆಳಗೆ ಹೆಬ್ಬೆಟ್ಟು ಒತ್ತಿದ.

ರೋಹಿಣಿ ಮಳೆಗೆ ಮೊದಲು ಸೇತುವೆಯ ಹಾಸು ಬಲಿಯಿತು. ಮೊದಲ ಗಾಡಿ ಮೈಲಾರಪ್ಪನದು, ಗೊಬ್ಬರ ಹೇರಿದ್ದು. ಗುದ್ಲೆಪ್ಪ ಹಳ್ಳದ ಉಸುಕಿಗಿಳಿದು, ಸೇತುವೆಯ ಕೆಳಗೆ ನಿಂತು, ಕಡೆಯ ತೊಲೆಗೆ ಕೈ ಇಟ್ಟುಕೊಂಡೇ ಇದ್ದ. ಗಾಡಿ ಹಾಯಿತು. ಎರಡನೆಯದು ಹಾಯಿತು. ಮುದಕವ್ವ ಆಚೆ ದಂಡೆಯಿಂದ ನಡೆದುಕೊಂಡೇ ಬಂದು, “ಇನ್ನ ಎಷ್ಟರೆ ಹಡಿಯವಾ,” ಅಂತ ಮಾದೇವಿಯ ಕೆನ್ನೆ ಹಿಂಡಿದಳು. ಆಗ ಮಾದೇವಿ ನಕ್ಕಳು. ನಕ್ಕರೂ, ಮುದಕವ್ವ ತಡೆಗೋಡೆಯ ಮಗ್ಗುಲಿಗೇ ನಡೆದು ಬಂದಳಲ್ಲ ಎಂಬುದು ತಲೆಯಿಂದ ಹೋಗಲಿಲ್ಲ.

ಮರುದಿನ ಬೆಳಿಗ್ಗೆ ಗುದ್ಲೆಪ್ಪ ಹೊರಟ. ಜಾಕಿ ಗೋಣಿಚೀಲ ಸೇರಿತು. ಮೇಟಿ ಕುಣಿಯಿಂದ ದಿಮ್ಮಿ ತೆಗೆದು, ಮಣ್ಣು ತುಂಬಿ, ಸಗಣಿಯಿಂದ ಸಾರಿಸುವ ತನಕ ಗುತ್ತೆವ್ವ ಅವನನ್ನು ಬಿಡಲಿಲ್ಲ. ಮಾದೇವಿ ಬುತ್ತಿ ಕಟ್ಟಿಕೊಟ್ಟು, ಎರಡೂ ಮಕ್ಕಳನ್ನು ಕರೆದುಕೊಂಡು ಬಸ್ಸು ನಿಲ್ಲುವ ಆಲದ ಗಿಡದ ತನಕ ಬಂದಳು. ಅಡಿವೆವ್ವ ಅವನ ಕೈ ಹಿಡಿದಿದ್ದಳು.

“ಕಾಕಾ, ಒಂದ ಕೇಳಲೇನ್ರಿ? ಅದು ಸೀಳೋ, ಎಣ್ಣಿಯೋ? ನಿಮ್ಮ ಮನಸ ಏನ ಹೇಳತೈತಿ?”

“ಮುಂಜಾನೆ ಒಂದ ಹೇಳತೈತಿ, ಸಂಜೀಕ ಒಂದ ಹೇಳತೈತಿ,” ಅಂದ ಗುದ್ಲೆಪ್ಪ. “ಈ ತನಕಾ ನೆಟ್ಟಗ ಮಾಡಿ ಕಳಿಸಿದ ಕಬ್ಬಿಣದ್ದೆಲ್ಲಾ ಈಗ ನನಗ ಸಂಶೇ ಬರಾಕತ್ತೈತಿ ತಂಗಿ. ಅದರಾಗ ಎಷ್ಟಕ್ಕ ಡೊಂಕ ಬೇಕಾಗಿತ್ತೋ ಏನೋ. ಅವೆಲ್ಲಾ ಎಲ್ಲಿ ಅದಾವು ಅಂತ ಗೊತ್ತಿಲ್ಲ. ಇದೊಂದ ಗೊತ್ತೈತಿ.”

ತಿಳವಳ್ಳಿಯ ಕಡೆಯಿಂದ ಬಸ್ಸಿನ ಧೂಳು ಕಂಡಿತು. ಗುದ್ಲೆಪ್ಪ ಚೀಲವನ್ನು ಎತ್ತಿಕೊಂಡವನು ಮತ್ತೆ ಕೆಳಗಿಟ್ಟ.

“ನಿನಗ ಒಂದ ಕೆಲಸಾ ಹೇಳಲೇನು? ನಿನಗೂ ಮನಿ, ಮಕ್ಕಳು, ಹೊಲ ಅದಾವು. ಆದ್ರೂ ಹೇಳ್ತೇನಿ. ವರ್ಷಾ ಹಳ್ಳ ಬತ್ತಿ ಉಸುಕು ಬಿದ್ದ ಮ್ಯಾಲ ಒಂದಿನಾ ಕೆಳಗಿಳದು, ಆ ಕಡೀ ತೊಲಿನ್ನ ಒರಸು. ನಡುವಿಂದ ಎರಡು ಮೊಳ ಈಚಿ ದಂಡಿ ಕಡೆ. ಒರಸಿ, ಚಿಮಣಿ ಎಣ್ಣಿ ಹಚ್ಚಿ, ಸುಣ್ಣಾ ಬಳದು, ಮರುದಿನಾ ನೋಡು. ಹುಡಿಗಿನ್ನ ಎಣ್ಣಿ ಹಚಗೊಂಡು ಬರಗೊಡಬ್ಯಾಡ. ಕರೀ ಗೆರಿ ಕಂಡ್ರ ಮೊದಲ ಗಾಡಿ ನಿಲ್ಲಸು, ಆಮ್ಯಾಲ ಶಿಗ್ಗಾವಿಗೆ ನನಗೊಂದು ಕಾರ್ಡ ಹಾಕು. ಶಾರವ್ವ ಓದಿ ಹೇಳ್ತಾಳ.”

ಬಸ್ಸು ಬಂದು ನಿಂತಿತು. ಅವನು ಒಂದು ಕಾಲನ್ನು ಮೆಟ್ಟಿಲ ಮೇಲಿಟ್ಟು, ತಿರುಗಿ ನೋಡಿದ.

“ಕಾಣಲಿಲ್ಲಂದ್ರೂ ಹಾಕ ತಂಗಿ.”